ಉಪವಾಸದ ತಟ್ಟೆಗೂ ಮೈಯಳತೆ ಬೇಕು

ಶ್ರಾವಣ ಸೋಮವಾರ ಬಂತೆಂದರೆ ರಾಯಚೂರು ಸೀಮೆಯ ಎಷ್ಟೋ ಮನೆಗಳಲ್ಲಿ ಒಂದೊಪ್ಪತ್ತು. ಶನಿವಾರ ಹನುಮಪ್ಪನಿಗೆ, ಗುರುವಾರ ರಾಯರಿಗೆ, ರಂಜಾನಿನಲ್ಲಿ ತಿಂಗಳಿಡೀ ರೋಜಾ. ಇವುಗಳ ಜೊತೆಗೆ ಈಗ ತೂಕ ಇಳಿಸುವ ಉಪವಾಸವೂ ಸೇರಿದೆ. ಮೊಬೈಲು ಇರುವ ಕಡೆಯೆಲ್ಲ ಅದರ ಸೂತ್ರ ಸಿಗುತ್ತದೆ, ರಾಯಚೂರು ಬಳಿಯ ಕಲ್ಮಲ ಊರೂ ಹೊರತಲ್ಲ. ವಾರದಲ್ಲಿ ಐದು ದಿನ ಎಂದಿನ ಊಟ, ಎರಡು ದಿನ ಹೆಂಗಸರಿಗೆ 500, ಗಂಡಸರಿಗೆ 600 ಕ್ಯಾಲೊರಿ.

2012ರಲ್ಲಿ ಬಿಬಿಸಿ ಸಾಕ್ಷ್ಯಚಿತ್ರದ ಮೂಲಕ ಬ್ರಿಟನ್ನಿನ ಮೈಕೆಲ್ ಮೋಸ್ಲಿ ಇದನ್ನು ಮನೆಮಾತಾಗಿಸಿದರು. ಹೆಂಗಸಿಗೆ ದಿನಕ್ಕೆ 2000, ಗಂಡಸಿಗೆ 2400 ಕ್ಯಾಲೊರಿ ಬೇಕೆಂದು ಹಿಡಿದು ಅದರ ಕಾಲು ಭಾಗ ಉಣ್ಣಿರಿ ಎಂಬುದು ಇದರ ಹಿಂದಿನ ಲೆಕ್ಕ. ಕಾಲು ಭಾಗ ಎಂಬ ನಿಯಮ ಮರೆತುಹೋಯಿತು, 500 ಮಾತ್ರ ಬಾಯಲ್ಲಿ ಉಳಿಯಿತು.

ಎಲ್ಲರ ಕಾಲು ಭಾಗ ಒಂದೇ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2020ರ ಲೆಕ್ಕದಂತೆ, 55 ಕೆ.ಜಿ. ತೂಕದ ಹೆಂಗಸು ಕುಳಿತು ಕೆಲಸ ಮಾಡುವವಳಾದರೆ ದಿನಕ್ಕೆ 1660 ಕ್ಯಾಲೊರಿ ಸಾಕು. ಮೈಮುರಿದು ದುಡಿಯುವವಳಿಗೆ 2720 ಬೇಕು. ಮೊದಲನೆಯವಳ ಕಾಲು ಭಾಗ 415, ಎರಡನೆಯವಳದು 680.

ತೂಕಕ್ಕೂ ಇದೇ ಮಾತು. ಸುಮ್ಮನೆ ಮಲಗಿದ್ದರೂ ಉಸಿರಾಟಕ್ಕೆ, ಎದೆಬಡಿತಕ್ಕೆ, ಮೈಬಿಸಿಗೆ ಶಕ್ತಿ ಖರ್ಚಾಗುತ್ತದೆ. ಅದನ್ನು ಅಂದಾಜು ಮಾಡಲು ಆಹಾರತಜ್ಞರು ಬಳಸುವ ಮಿಫ್ಲಿನ್ ಸೂತ್ರದಲ್ಲಿ ತೂಕದ ಪ್ರತಿ ಕೆ.ಜಿ.ಗೆ 10 ಕ್ಯಾಲೊರಿ ಸೇರುತ್ತದೆ. ಒಂದೇ ವಯಸ್ಸಿನ, ಒಂದೇ ಎತ್ತರದ ಇಬ್ಬರು ಹೆಂಗಸರಲ್ಲಿ ಒಬ್ಬರು 55, ಇನ್ನೊಬ್ಬರು 95 ಕೆ.ಜಿ. ಇದ್ದರೆ, ಎರಡನೆಯವರ ಮೈ ಮಲಗಿದಲ್ಲೇ 400 ಕ್ಯಾಲೊರಿ ಹೆಚ್ಚು ಉರಿಸುತ್ತದೆ. ಅದರ ಕಾಲು ಭಾಗ 100. ಸುಮಾರು 60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ 200 ಕ್ಯಾಲೊರಿ ಇರುತ್ತದೆ. ಹಾಗಾದರೆ ಆ ಅಕ್ಕನಿಗೆ ಉಪವಾಸದ ದಿನ ಹೆಚ್ಚಿಗೆ ಸಲ್ಲಬೇಕಾದದ್ದು ಅರ್ಧ ರೊಟ್ಟಿ. ಓಡಾಟವನ್ನೂ ಲೆಕ್ಕಕ್ಕೆ ಹಿಡಿದರೆ ಮೇಲೊಂದು ಲೋಟ ಮಜ್ಜಿಗೆ. ತೂಕ ಇಮ್ಮಡಿಯಾದರೆ ಊಟವೂ ಇಮ್ಮಡಿ ಎಂದು ಇದರರ್ಥವಲ್ಲ. ತೂಕ ಇಳಿದಂತೆ ಈ ಪಾಲೂ ಇಳಿಯಬೇಕು.

ಆದರೆ ಆ ಅರ್ಧ ರೊಟ್ಟಿಗೆ ಅವರು ಕೈ ಚಾಚಿದಾಗ ಬರುವ ಮಾತು ನಮಗೆಲ್ಲ ಗೊತ್ತು: 'ಇಷ್ಟ್ ಮೈ ಐತಿ, ಒಂದಿನ ಉಪಾಸ ತಡಿಯಾಕ ಆಗಂಗಿಲ್ಲೇನಬೇ?' ಕೇಳಿದವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಮಧ್ಯಾಹ್ನಕ್ಕೆ ತಲೆ ಸುತ್ತು, ಸಂಜೆಗೆ ಮಂಡಕ್ಕಿ ಮಿರ್ಚಿ, ರಾತ್ರಿ ತಮ್ಮ ಮೇಲೆಯೇ ಸಿಟ್ಟು. ಅಳತೆ ತಪ್ಪಿದ್ದಕ್ಕೆ ಅವರು ತಮ್ಮ ಮನಸ್ಸನ್ನು ಹಳಿದುಕೊಳ್ಳುವುದು ಅನ್ಯಾಯ.

ನಮ್ಮ ವ್ರತಗಳಂತೂ ಮನುಷ್ಯನ ಮೈಯನ್ನು ಮರೆತಿಲ್ಲ. ಏಕಾದಶಿಯ ಕಟ್ಟು ಎಂಟರಿಂದ ಎಂಬತ್ತು ವಯಸ್ಸಿನವರಿಗೆ. ನೀರು, ಗೆಡ್ಡೆ, ಹಣ್ಣು, ಹಾಲು, ಔಷಧದಿಂದ ವ್ರತ ಕೆಡದು ಎಂದು ಶಾಸ್ತ್ರವೇ ಹೇಳಿದೆ. ರೋಜಾದಲ್ಲಿ ಕಾಯಿಲೆಯವರಿಗೆ, ಪ್ರಯಾಣಿಕರಿಗೆ ವಿನಾಯಿತಿಯನ್ನು ಕುರಾನ್ ಕೊಟ್ಟಿದೆ. ಮಾನ್ವಿಯ ಜಗನ್ನಾಥದಾಸರ (1728–1809) ಪ್ರತೀತಿ ಈ ಸೀಮೆಗೆ ಚಿರಪರಿಚಿತ. ಹೊತ್ತು ಮೀರಿ ಉಂಡರೆ ಹೊಟ್ಟೆನೋವು ಬರುತ್ತದೆಂದು ಅವರು ವಿಜಯದಾಸರ ಊಟದ ಕರೆಯನ್ನು ತಪ್ಪಿಸಿಕೊಂಡರು. ಆಮೇಲೆ ನಿಜಕ್ಕೂ ಹೊಟ್ಟೆನೋವು ಹಿಡಿಯಿತು. ಬಳಲಿ ಬಂದ ಅವರಿಗೆ ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳ ಜೊತೆಗೆ ಕೊಟ್ಟದ್ದು ಜೋಳದ ರೊಟ್ಟಿ. ಬಳಲಿದ ಮೈಗೆ ಅನ್ನ ಕೊಡುವುದನ್ನು ದೊಡ್ಡ ಕರುಣೆಯೆಂದು ಕಂಡ ನಾಡು ಇದು.

ಏನು ಉಣ್ಣುತ್ತೇವೆ ಎಂಬುದೂ ಮುಖ್ಯ. ಶೇಂಗಾ, ಎಣ್ಣೆ ಧಾರಾಳವಾಗಿ ಬಿದ್ದ ಒಂದು ತಟ್ಟೆ ಸಾಬುದಾಣಿ ಖಿಚಡಿ ಸಲೀಸಾಗಿ 500 ಮುಟ್ಟುತ್ತದೆ, ಹಸಿವು ಬೇಗ ಮರಳುತ್ತದೆ. ರೊಟ್ಟಿ, ಪುಂಡಿಪಲ್ಯ, ಮೊಳಕೆ ಹೆಸರು, ಮಜ್ಜಿಗೆ ಅಷ್ಟೇ ಕ್ಯಾಲೊರಿಯಲ್ಲಿ ಹೆಚ್ಚು ಹೊತ್ತು ತಡೆಯುತ್ತವೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಇಂಥ ಉಪವಾಸ ಹಿಡಿಯಬಾರದು. ಸಕ್ಕರೆ ತಟ್ಟನೆ ಕುಸಿದರೆ ಜೀವಕ್ಕೇ ಸಂಚಕಾರ. ಬಸುರಿ, ಬಾಣಂತಿಯರಿಗೆ ಈ ಪದ್ಧತಿ ಬೇಡವೇ ಬೇಡ.

ದೊಡ್ಡ ಮೈಯವರು ತೂಕ ಇಳಿಸಲು ಹೊರಟಿದ್ದರೆ ಅವರಿಗೆ ಬೇಕಾದದ್ದು ಒಂದು ದಿನದ ಶೂರತನವಲ್ಲ, ತಿಂಗಳುಗಟ್ಟಲೆ ನಡೆಸಬಲ್ಲ ಕ್ರಮ. ಅವರ ತೂಕ, ಎತ್ತರ, ದುಡಿಮೆ ನೋಡಿ ಕಾಲು ಭಾಗ ಎಷ್ಟೆಂದು ಮೊದಲೇ ಗೊತ್ತು ಮಾಡಿಕೊಳ್ಳಲಿ. ಬಡಿಸುವವರು ಪಕ್ಕದ ತಟ್ಟೆಗೆ ಹೋಲಿಸದೆ, ಬಾಯಿಮಾತಿನಲ್ಲಿ ಚುಚ್ಚದೆ, ಅಷ್ಟನ್ನು ಪ್ರೀತಿಯಿಂದ ಬಡಿಸಲಿ.