ಸಮಾಧಿಯ ಕಲ್ಲನ್ನು ಕುರಿತು ವಿಚಾರಿಸುವದು

(ಆದಿಕಾಂಡ 35ನೆಯ ಅಧ್ಯಾಯ)



ಈ ಅಧ್ಯಾಯದಲ್ಲಿ ಇಬ್ಬರು ಸ್ತ್ರೀಯರ ಸಮಾಧಿಗಳುಂಟು. ಯಾಕೋಬನು ತನ್ನ ಪ್ರಿಯ ಪತ್ನಿಯಾದ ರಾಹೇಲಳ ಸಮಾಧಿಯ ಮೇಲೆ ಸ್ತಂಭವನ್ನು ನಿಲ್ಲಿಸಿದನು. ದಾದಿಯಾದ ದೆಬೋರಳಿಗೋ ಸ್ತಂಭವಿಲ್ಲ. ಅವಳನ್ನು ಒಂದು ಮರದ ಕೆಳಗೆ ಹೂಣಿಟ್ಟು ಅದಕ್ಕೆ ಅಳುವಿಕೆಯ ಮರವೆಂದು ಹೆಸರಿಟ್ಟರು. ಹೀಗಿದ್ದರೂ ಸತ್ಯವೇದವು ಆ ಸೇವಕಿಯ ಹೆಸರನ್ನು ಬಿಟ್ಟುಬಿಡಲಿಲ್ಲ.

ಶಿಕಾರಿಪುರ ಸೀಮೆಯ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಲ್ಲುಕಂಬವುಂಟು. ಅದು ಸಮಾಧಿಯ ಕಲ್ಲಲ್ಲ. ಆದರೆ ಕಲ್ಲು ಸತ್ತವರ ವಿಷಯವಾಗಿ ಏನನ್ನು ಹೇಳುತ್ತದೆ, ಏನನ್ನು ಬಿಡುತ್ತದೆ ಎಂಬದನ್ನು ಕಲಿಯುವದಕ್ಕೆ ನಮ್ಮ ಸಮೀಪದಲ್ಲಿ ಅದಕ್ಕಿಂತ ಒಳ್ಳೇ ಪಾಠಶಾಲೆಯಿಲ್ಲ. ಐದನೆಯ ಶತಮಾನದ ಆ ಸಂಸ್ಕೃತ ಶಾಸನದಲ್ಲಿ 34 ಶ್ಲೋಕಗಳುಂಟು. ಓದುವದಕ್ಕೆ ಕಂಚಿಗೆ ಹೋದ ಮಯೂರಶರ್ಮನು ಪಲ್ಲವರ ರಾವುತನೊಡನೆ ಜಗಳವಾದದ್ದರಿಂದ ಕತ್ತಿ ಹಿಡಿದು ಅರಸನಾದದ್ದೂ, ಅವನ ವಂಶದ ಕಾಕುಸ್ಥವರ್ಮನು ಅಲ್ಲಿ ಕೆರೆಯನ್ನು ಮಾಡಿಸಿದ್ದೂ ಅದರಲ್ಲಿದೆ. ಕಾಕುಸ್ಥನ ಮಗನಾದ ಶಾಂತಿವರ್ಮನ ಅಪ್ಪಣೆಯಿಂದ ಅದನ್ನು ರಚಿಸಿ ಬರೆದ ಕವಿಯು ತನ್ನನ್ನು ಕುಬ್ಜನೆಂದು ಮಾತ್ರ ಹೇಳಿಕೊಂಡನು. ಕೆರೆಯ ಮಣ್ಣು ಹೊತ್ತವರ ಹೆಸರು ಒಂದೂ ಇಲ್ಲ.

ಬಹುಕಾಲದ ತರುವಾಯ ಇದನ್ನು ಲೋಕಕ್ಕೆ ತಿಳಿಸಿದ ಬಿ. ಎಲ್. ರೈಸರು ಲಂಡನ್ ಮಿಶನಿನ ಬೋಧಕರೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1902ರಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಈ ಸೀಮೆಯ ಅರಸರ ಶಾಸನಗಳ ಪಕ್ಕದಲ್ಲಿಯೇ ವೀರಗಲ್ಲುಗಳನ್ನೂ ಸೇರಿಸಿದರು. ಶತ್ರುಗಳು ಹೊಡೆದುಕೊಂಡು ಹೋದ ತುರುಗಳನ್ನು ಬಿಡಿಸಲು ಹೋಗಿ ಸತ್ತವರ ಕಲ್ಲುಗಳು ಈ ನಾಡಿನಲ್ಲಿ ಎಷ್ಟೋ ಉಂಟು. ಅವುಗಳ ಮೇಲ್ಭಾಗದಲ್ಲಿ ಕೆತ್ತಿರುವ ದೇವರು ನಮ್ಮ ದೇವರಲ್ಲ. ಆದರೂ ನೆರೆಯವನ ದನಕ್ಕಾಗಿ ಪ್ರಾಣ ಕೊಟ್ಟವನ ಕಲ್ಲಿನ ಮೇಲೆ ಬಟ್ಟೆ ಒಗೆಯುವದು ನಮಗೆ ಸರಿದೋರುವದಿಲ್ಲ.

ಇನ್ನು ನಮ್ಮ ಸ್ವಂತ ಸ್ಮಶಾನಗಳ ಮಾತು. ಅಕ್ಷರ ಅಳಿಸಿಹೋದ ಕಲ್ಲು ಸಿಕ್ಕಿದರೆ ಕಬ್ಬಿಣದಿಂದ ಕೆರೆಯಬೇಡಿರಿ. ನೀರಿನಿಂದಲೂ ಮೆತ್ತನೆಯ ಕುಂಚದಿಂದಲೂ ಪಾಚಿ ತೆಗೆದು, ಬೆಳಿಗ್ಗೆ ಓರೆ ಬಿಸಿಲು ಬೀಳುವಾಗ ನೋಡಿರಿ. ನಡುಹಗಲಲ್ಲಿ ಕಾಣದ ಅಕ್ಷರವು ತನ್ನ ನೆರಳಿನಿಂದಲೇ ಕಾಣುವದು. ಆಮೇಲೆ ಸಭೆಯ ದೀಕ್ಷಾಸ್ನಾನದ ಪುಸ್ತಕವನ್ನೂ ಸಮಾಧಿಯ ಪುಸ್ತಕವನ್ನೂ ತೆರೆಯಿರಿ. ನಮ್ಮ ಹಿರಿಯರಲ್ಲಿ ಅನೇಕರು ದೀಕ್ಷಾಸ್ನಾನದಲ್ಲಿ ಬೇರೆ ಹೆಸರನ್ನು ತಕ್ಕೊಂಡದ್ದರಿಂದ ಕಲ್ಲಿನ ಮೇಲೆ ಒಂದು ಹೆಸರು, ಹೊಲದ ಕಾಗದದಲ್ಲಿ ಮತ್ತೊಂದು ಹೆಸರು ಇರುವದುಂಟು. ಎರಡನ್ನೂ ಹುಡುಕದಿದ್ದರೆ ಒಬ್ಬನೇ ಮನುಷ್ಯನು ಇಬ್ಬರಾಗುವನು, ಇಲ್ಲವೆ ಇಲ್ಲದವನೇ ಆಗುವನು.

ಕಾಗದದಲ್ಲಿ ಸಿಕ್ಕದ್ದು ಊರಿನ ಮುದುಕಿಯರಲ್ಲಿ ಸಿಕ್ಕುವದು. ಹೆರಿಗೆ ಮಾಡಿಸಿದವಳು ಯಾರು, ರೋಗದ ಕಾಲದಲ್ಲಿ ಮನೆಮನೆಗೆ ಗಂಜಿ ಹೊತ್ತವಳು ಯಾರು ಎಂದು ಅವರನ್ನು ಕೇಳಿರಿ. ಅವರು ತೋರಿಸುವ ಗುಡ್ಡೆಯ ಮೇಲೆ ಕಲ್ಲಿಲ್ಲದಿದ್ದರೂ, ಹೇಳಿದ್ದನ್ನು ಹೇಳಿದವರ ಹೆಸರಿನೊಂದಿಗೆ ಅದೇ ದಿನ ಬರೆದಿಡಿರಿ.