ವಂಶವನ್ನು ಅರಿಯುವುದು ಯಾತಕ್ಕಾಗಿ?

ಸೇಡಂ, ಚಿತ್ತಾಪುರ, ಚಿಂಚೋಳಿಯ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ನಿಜಾಮರ ಕಾಲದ ಉರ್ದು ಕಾಗದಗಳಿವೆ. ಕನ್ನಡ ಶಾಲೆಯಲ್ಲಿ ಕಲಿತ ಮೊಮ್ಮಕ್ಕಳಿಗೆ ಅವನ್ನು ಓದಲು ಬಾರದು. ಈಗ ಅವರು ಮೊಬೈಲಿನಲ್ಲಿ ಫೋಟೋ ತೆಗೆದು ನನ್ನಂತಹ ಮದ್ರಸ ಶಿಕ್ಷಕರಿಗೆ ಕಳುಹಿಸುತ್ತಾರೆ. ಅದರಲ್ಲಿರುವ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಸರಿಸುಮಾರು ಇಸವಿ ಸಿಗುತ್ತದೆ.

ವಾಡಿಯ ಯುವಕನೊಬ್ಬ ಹೀಗೆ ಒಂದು ಕಾಗದ ಕಳುಹಿಸಿ, "ಮೌಲಾನಾ, ನಮ್ಮದು ದೊಡ್ಡ ಖಾಂದಾನ್ ಇತ್ತೇನ್ರಿ?" ಎಂದು ಕೇಳಿದ. ಅದು ಅವನ ಮುತ್ತಜ್ಜ ಎತ್ತುಗಳನ್ನು ಒತ್ತೆಯಿಟ್ಟು ಮಾಡಿದ ಸಾಲದ ಪತ್ರವಾಗಿತ್ತು. ಅವನು ಸಪ್ಪಗಾದ. "ಇದನ್ನು ನಿನ್ನ ದಾದಿಗೆ ಓದಿ ಹೇಳು" ಎಂದೆ.

ತಂದೆಯ ಹೆಸರು ಕೇಳಿದ ಆ ವೃದ್ಧೆ ಬಾಯಿ ಬಿಟ್ಟರು. 1948ರಲ್ಲಿ ಶಹಾಬಾದಿಗೆ ಹೋದ ಅಣ್ಣ ಮರಳಿ ಬರಲಿಲ್ಲ. ಅತ್ತಿಗೆ ಮರುಮದುವೆಯಾಗಿ ಚಿಂಚೋಳಿ ಕಡೆಗೆ ಹೋದರು, ಸಂಬಂಧ ಕಡಿದುಹೋಯಿತು. ಮೊಮ್ಮಗ ಎಲ್ಲವನ್ನೂ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡ. ವಿಚಾರಿಸುತ್ತಾ ಹೋಗಿ, ಅಣ್ಣನ ಮಗಳನ್ನು ಫೋನಿನಲ್ಲಿ ಮಾತನಾಡಿಸಿದ. ದಾದಿಯ ದುಃಖ ಅಳಿಯಲಿಲ್ಲ. ಆದರೆ ಅದನ್ನು ಹಂಚಿಕೊಳ್ಳಲು ಇನ್ನೊಬ್ಬರು ಸಿಕ್ಕಿದರು.

ಹಳೆಯ ಗಾಯ ಕೆದಕುವುದೇಕೆ ಎಂದು ಕೆಲವರು ಕೇಳಬಹುದು. ರಜಾಕಾರರ ದೌರ್ಜನ್ಯದಿಂದಲೂ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರದ ಹಿಂಸೆಯಿಂದಲೂ ನೊಂದ ಮನೆಗಳು ಈ ಸೀಮೆಯ ಹಿಂದೂ-ಮುಸ್ಲಿಮರಿಬ್ಬರಲ್ಲೂ ಇವೆ. ಸೇಡಿಗಾಗಿ ಕೆದಕುವುದಾದರೆ ಆ ಪೆಟ್ಟಿಗೆ ಮುಚ್ಚಿರುವುದೇ ಲೇಸು. ಕುಲದ ಹೆಮ್ಮೆಗಾಗಿಯಾದರೂ ಅಷ್ಟೇ. ಜನಾಂಗ, ಗೋತ್ರಗಳಿರುವುದು ಪರಸ್ಪರ ಅರಿಯಲಿಕ್ಕೆ. ಅಲ್ಲಾಹನ ಬಳಿ ಗೌರವ ಧರ್ಮನಿಷ್ಠನಿಗೇ ಎಂಬುದು ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯದ ಬೋಧನೆ. ಬಂಧುತ್ವವನ್ನು ಕಾಪಾಡಲು ಬೇಕಾದಷ್ಟು ವಂಶಜ್ಞಾನ ಪಡೆಯಬೇಕೆಂದೂ, ಮೃತರನ್ನು ನಿಂದಿಸಬಾರದೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಅಮೇರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ಅವರ ಕುಟುಂಬದ ಕುರಿತು 20 ಪ್ರಶ್ನೆಗಳನ್ನು ಕೇಳಿದರು. ಹೆಚ್ಚು ಬಲ್ಲ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಿತ್ತು. ಆದರೆ ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಫಲವಿಲ್ಲ, ಮನೆಮಂದಿ ಜೊತೆಗೂಡಿ ಹೇಳಿ-ಕೇಳುವ ರೂಢಿಯೇ ಮುಖ್ಯ ಎಂದು ಅವರೇ ಎಚ್ಚರಿಸಿದರು.

ಮೊಬೈಲು ಕಾಗದದ ಚಿತ್ರ ತೆಗೆದೀತು, ದನಿಯನ್ನು ಉಳಿಸೀತು. ಹಿರಿಯರ ಪಕ್ಕದಲ್ಲಿ ಕುಳಿತು ಕೇಳಬೇಕಾದವರು ನಾವು. ನಿಮ್ಮ ಮನೆಯಲ್ಲಿ ಅಂತಹ ಹಿರಿಯರಿದ್ದರೆ ಇಂದೇ ಕೇಳಿರಿ. ಅವರು ಹೆಸರಿಸುವ ಬಂಧುವಿನೊಡನೆ ಮಾತು ಬಿಟ್ಟುಹೋಗಿದ್ದರೆ, ಮೊದಲ ಸಲಾಂ ನಿಮ್ಮದಾಗಲಿ.