ಮೋರಿಯ ಬಾಯಿ ಯಾರ ಅಂಗಳಕ್ಕೆ?

ನೀರು ತಗ್ಗಿಗೇ ಹರಿಯುತ್ತದೆ ಎಂಬ ಮಾತನ್ನು ನಮಗೆ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಅದರಲ್ಲಿ ಸುಳ್ಳೇನಿಲ್ಲ. ಆದರೆ ಆ ಮಾತನ್ನು ಯಾರು, ಯಾವಾಗ, ಯಾರಿಗೆ ಹೇಳುತ್ತಾರೆ ಎಂಬುದನ್ನು ನೋಡಬೇಕು. ಹಸ್ತ, ಚಿತ್ತೆ ಮಳೆ ಹಿಡಿದ ರಾತ್ರಿ ಊರ ಬೀದಿಯ ನೀರು, ಅದರ ಜೊತೆಗೆ ಮೇಲಿನ ಮನೆಗಳ ಬಚ್ಚಲ ನೀರು, ಕೊಟ್ಟಿಗೆಯ ಗಂಜಲ, ತಿಪ್ಪೆಯ ರಸ ಎಲ್ಲ ಕಲೆತು ಕೇರಿಯ ಅಂಗಳಕ್ಕೆ ನುಗ್ಗುತ್ತದೆ. ಒಲೆ ಆರುತ್ತದೆ. ಮಲಗಿದ್ದ ಮಕ್ಕಳನ್ನು ಎತ್ತಿಕೊಂಡು ಬೆಳಗಿನ ತನಕ ಕೂತಿರಬೇಕಾಗುತ್ತದೆ. ಬೆಳಗ್ಗೆ ನಮ್ಮ ಹೆಂಗಸರು ಪಂಚಾಯ್ತಿ ಕಟ್ಟೆಗೆ ಹೋಗಿ ಕೇಳಿದರೆ ಆಗ ಬರುತ್ತದೆ ಈ ಮಾತು: "ಏನ್ ಮಾಡಾಕಾಯ್ತದವ್ವ, ನೀರು ತಗ್ಗಿಗೆ ತಾನೆ ಹರಿಯೋದು?" ಅಲ್ಲಿಗೆ ಮಾತು ಮುಗಿಯಿತು. ತಪ್ಪು ನೀರಿನದಾಯಿತು.

ನಾವು ಕೇಳುವುದು ಇಷ್ಟೇ. ನೀರು ತಗ್ಗಿಗೆ ಹರಿಯುವುದು ನೆಲದ ಗುಣ, ಒಪ್ಪಿದೆವು. ತಗ್ಗಿನಲ್ಲಿ ಯಾರಿರಬೇಕು ಅನ್ನುವುದು ಯಾವ ನೆಲದ ಗುಣ? ನಮ್ಮ ಬಹಳಷ್ಟು ಊರುಗಳಲ್ಲಿ ದೇವಸ್ಥಾನ, ಗೌಡರ ಮನೆ, ಶಾನುಭೋಗರ ಮನೆ ದಿಬ್ಬದ ಮೇಲೆ. ಹೊಲಗೇರಿ, ಮಾದಿಗರ ಕೇರಿ ಊರ ನೀರು ಹೋಗಿ ನಿಲ್ಲುವ ಕಡೆ. ರಾಗಿ ಬಿತ್ತಿದರೆ ಬೇರು ಕೊಳೆತೀತು ಎಂದು ಬಿಟ್ಟ ಜಾಗ ಮನುಷ್ಯರು ಮಲಗುವುದಕ್ಕೆ ಸಾಕಾಯಿತು. ಇದನ್ನು ಪ್ರಕೃತಿ ಅನ್ನುವುದಾದರೆ ಜಾತಿಯನ್ನೂ ಪ್ರಕೃತಿ ಅನ್ನಬೇಕಾಗುತ್ತದೆ. ಹಾಗಂದವರೂ ಇದ್ದಾರೆ, ಅದು ಬೇರೆ ಮಾತು.

ನೀರಿನ ಹೋರಾಟ ಅಂದ ಕೂಡಲೆ ನಮಗೆ 1927ರ ಮಾರ್ಚ್ 20 ನೆನಪಾಗುತ್ತದೆ. ಅಂದು ಮಹಾಡದ ಚವದಾರ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಮುಟ್ಟಿದರು. ಕುಡಿಯುವ ನೀರಿನ ಹಕ್ಕು ಮನುಷ್ಯನಾಗುವ ಹಕ್ಕು ಎಂದು ಅಲ್ಲಿ ಸಾರಿದ್ದಾಯಿತು. ಆದರೆ ನೀರಿಗೆ ಎರಡು ದಾರಿಯುಂಟು, ಮನೆಗೆ ಬರುವ ದಾರಿ, ಮನೆಯಿಂದ ಹೋಗುವ ದಾರಿ. ಬರುವ ನೀರಿನಲ್ಲಿ ನಮ್ಮನ್ನು ದೂರ ಇಟ್ಟವರೇ ಹೋಗುವ ನೀರಿನಲ್ಲಿ ನಮ್ಮನ್ನು ತೀರ ಹತ್ತಿರ ಮಾಡಿಕೊಂಡಿದ್ದಾರೆ. ಬಾವಿಯ ನೀರು ನಾವು ಮುಟ್ಟಿದರೆ ಮೈಲಿಗೆ. ಅದೇ ನೀರಿನಲ್ಲಿ ಮೈ ತೊಳೆದು ಕೆಳಗೆ ಬಿಟ್ಟದ್ದು ನಮ್ಮ ಹೊಸಿಲು ಮುಟ್ಟಿದರೆ ಯಾರಿಗೂ ಏನೂ ಆಗುವುದಿಲ್ಲ. ಮಡಿ ಅನ್ನುವುದಕ್ಕೆ ಒಂದು ಮೋರಿ ಬೇಕೇ ಬೇಕು. ತನ್ನ ಅಂಗಳ ಒಣಗಿರಬೇಕಾದರೆ ಇನ್ನೊಬ್ಬರ ಅಂಗಳ ನೆನೆಯಬೇಕು.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಭಾರತದ ಹಳ್ಳಿಯ ಬಗ್ಗೆ ಮಾತಾಡುತ್ತ 'ಸಿಂಕ್' ಎಂಬ ಇಂಗ್ಲಿಷ್ ಪದ ಬಳಸಿದರು. ಹೊಲಸು ನೀರು ಹೋಗಿ ತಂಗುವ ಗುಂಡಿ ಎಂಬುದು ಅದರ ಅರ್ಥಗಳಲ್ಲೊಂದು. ಹಳ್ಳಿಯನ್ನು ಹಾಡಿ ಹೊಗಳುವ ನಮ್ಮ ಸಾಹಿತಿಗಳಿಗೆ ಆ ಮಾತು ಈಗಲೂ ಚುಚ್ಚುತ್ತದೆ. ಅವರು ಅದನ್ನು ಬೈಗುಳ ಅಂದುಕೊಂಡರು. ಕೇರಿಯಲ್ಲಿ ಹುಟ್ಟಿದವರಿಗೆ ಅದು ಬರೀ ವರ್ಣನೆ.

ಇರಲಿ, ಅಂಗಳಕ್ಕೆ ಬರೋಣ. ಒಂದು ಮಿಲಿಮೀಟರ್ ಮಳೆ ಒಂದು ಚದರ ಮೀಟರ್ ನೆಲದ ಮೇಲೆ ಬಿದ್ದರೆ ಒಂದು ಲೀಟರ್ ನೀರು. ಮೂವತ್ತು ನಲವತ್ತಡಿಯ ಒಂದು ಸೈಟಿನ ಮೇಲೆ ರಾತ್ರಿ 50 ಮಿಲಿಮೀಟರ್ ಬಿದ್ದರೆ ಐದೂವರೆ ಸಾವಿರ ಲೀಟರ್. ಹದಿನೈದು ಲೀಟರಿನ ಬಿಂದಿಗೆಯಲ್ಲಿ ಅಳೆದರೆ 370 ಬಿಂದಿಗೆ. ಇದು ಒಂದು ಮನೆಯ ಲೆಕ್ಕ. ಮೇಲೆ ಹತ್ತು ಮನೆ ಇದ್ದು, ಎಲ್ಲರೂ ಅಂಗಳಕ್ಕೆ ಸಿಮೆಂಟು ಬಳಿಸಿ, ಒಂದು ಹನಿಯೂ ಇಂಗದ ಹಾಗೆ ಮಾಡಿ ಕೆಳಕ್ಕೆ ಬಿಟ್ಟರೆ ತಗ್ಗಿನ ಮನೆಯವಳು ಒಂದು ಪೊರಕೆ ಹಿಡಿದುಕೊಂಡು 3,700 ಬಿಂದಿಗೆ ನೀರಿಗೆ ಎದುರಾಗಿ ನಿಲ್ಲಬೇಕು. ಮಣ್ಣಿನ ಗೋಡೆಯ ಬುಡ ನೆನೆದರೆ ಅದು ನೀರನ್ನು ಮೇಲಕ್ಕೆ ಹೀರುತ್ತದೆ. ಮೇಲೆ ಸುಣ್ಣ ಚೆನ್ನಾಗೇ ಕಾಣುತ್ತಿರುತ್ತದೆ, ಬುಡ ಹಿಟ್ಟಾಗಿರುತ್ತದೆ. ಗೋಡೆ ಬಿದ್ದು ಸತ್ತವರ ಸುದ್ದಿ ಮಾರನೆಯ ದಿನ ಪತ್ರಿಕೆಯಲ್ಲಿ 'ಮಳೆಗೆ ಬಲಿ' ಎಂದು ಬರುತ್ತದೆ. ಮಳೆಯ ಹೆಸರಿನಲ್ಲಿ ಎಷ್ಟು ಜನ ತಪ್ಪಿಸಿಕೊಂಡಿದ್ದಾರೋ.

ಇದಕ್ಕೆ ಮದ್ದಿಲ್ಲ ಎಂದೇನಲ್ಲ. ಗಾರೆ ಕೆಲಸದವರನ್ನು ಕೇಳಿ. ಗೋಡೆಯ ಬುಡದಿಂದ ಹತ್ತು ಅಡಿ ದೂರಕ್ಕೆ ಆರು ಇಂಚು ಇಳಿಯುವ ಹಾಗೆ ಮಣ್ಣು ಹಾಕಿ ದಿಮ್ಮಸು ಹೊಡೆದರೆ ಮಳೆನೀರು ಗೋಡೆ ಬಿಟ್ಟು ಆಚೆ ಹೋಗುತ್ತದೆ. ಇದಕ್ಕೆ ವಾಟ ಕೊಡುವುದು ಅನ್ನುತ್ತಾರೆ. ಸೂರಿನ ನೀರು ಬೀಳುವ ಗೆರೆಯ ಉದ್ದಕ್ಕೂ ಜಲ್ಲಿಯನ್ನೋ ಒಡಕು ಹೆಂಚನ್ನೋ ಹಾಸಿದರೆ ನೆಲ ಕೊರೆಯುವುದಿಲ್ಲ, ಗೋಡೆಗೆ ರಾಡಿ ಸಿಡಿಯುವುದಿಲ್ಲ. ಮೋರಿಗೆ ನೂರಡಿಗೆ ಒಂದಡಿಯಷ್ಟಾದರೂ ವಾಟ ಬೇಕು, ಇಲ್ಲದಿದ್ದರೆ ಅದು ಮೋರಿಯಲ್ಲ, ಉದ್ದನೆಯ ಗುಂಡಿ. ಬಚ್ಚಲ ನೀರಿಗೆ ಮೂರಡಿ ಉದ್ದ, ಅಗಲ, ಆಳದ ಇಂಗುಗುಂಡಿ ತೋಡಿ, ಕೆಳಗೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು ತುಂಬಿ, ಬಾಯಿಗೆ ತೂತು ಹೊಡೆದ ಮಡಕೆಯಲ್ಲಿ ತೆಂಗಿನ ನಾರು ಇಟ್ಟು ಅನ್ನದ ಅಗುಳು, ಜಿಡ್ಡು ತಡೆದರೆ ಕೆಂಪು ಮಣ್ಣಿನ ನೆಲ ನೀರು ಕುಡಿಯುತ್ತದೆ. ನಾರನ್ನು ಆಗಾಗ ಬದಲಿಸಬೇಕು. ಕುಡಿಯುವ ನೀರಿನ ಬಾವಿ, ಬೋರಿನಿಂದ ಐವತ್ತಡಿಯಾದರೂ ದೂರ ಇರಬೇಕು. ಎರೆಭೂಮಿಯ ಕಡೆಯವರಿಗೆ ಇದು ಅಷ್ಟು ಸುಲಭವಲ್ಲ. ಎರೆಮಣ್ಣು ಒಮ್ಮೆ ನೆನೆದು ಉಬ್ಬಿಕೊಂಡರೆ ನೀರನ್ನು ಒಳಗೆ ಬಿಡುವುದಿಲ್ಲ. ಅಲ್ಲಿ ಬೀದಿಯವರೆಲ್ಲ ಸೇರಿ ಮೋರಿ ಮಾಡಬೇಕೇ ಹೊರತು ಒಬ್ಬೊಬ್ಬರೇ ಗುಂಡಿ ತೋಡಿದರೆ ಪ್ರಯೋಜನ ಕಡಿಮೆ.

ಇದರಲ್ಲೆಲ್ಲ ನಮಗೆ ಮುಖ್ಯವಾಗಿ ಕಂಡದ್ದು ಮೇಸ್ತ್ರಿಗಳ ಇನ್ನೊಂದು ನಿಯಮ. ಮೋರಿಯ ಕೆಲಸವನ್ನು ಮನೆಯ ಕಡೆಯಿಂದ ಶುರು ಮಾಡಬಾರದು, ನೀರು ಕೊನೆಗೆ ಬೀಳುವ ಬಾಯಿಂದ ಶುರು ಮಾಡಿ ಮೇಲಕ್ಕೆ ಬರಬೇಕು. ಬಾಯಿಯ ಮಟ್ಟ ಗೊತ್ತಾಗದೆ ಮೇಲಿನ ಮಟ್ಟ ಹಿಡಿಯುವುದಕ್ಕಾಗುವುದಿಲ್ಲ. ನಮ್ಮ ಧರ್ಮಶಾಸ್ತ್ರಗಳಲ್ಲಿ ಎಲ್ಲೂ ಕಾಣದ ನೀತಿ ಇದು. ಕೊನೆಯಲ್ಲಿರುವವನಿಂದ ಕೆಲಸ ಶುರುವಾಗಬೇಕು ಅನ್ನುತ್ತದೆ.

ಆಗುವುದು ಏನು? ಕಾಮಗಾರಿ ಊರ ಮುಂದಿನಿಂದ ಶುರುವಾಗುತ್ತದೆ, ದುಡ್ಡು ನಡುವೆ ಮುಗಿಯುತ್ತದೆ, ಕೇರಿಯ ಮೊದಲ ಮನೆಯ ಹತ್ತಿರಕ್ಕೆ ಸಿಮೆಂಟು ಮೋರಿ ನಿಂತುಹೋಗುತ್ತದೆ. ಮೊದಲು ಊರೆಲ್ಲ ಹರಡಿಕೊಂಡು ಅಷ್ಟಿಷ್ಟು ಇಂಗುತ್ತಿದ್ದ ನೀರು ಈಗ ಒಂದೇ ಬಾಯಲ್ಲಿ, ಜೋರಾಗಿ, ಸರ್ಕಾರದ ಖರ್ಚಿನಲ್ಲಿ ನಮ್ಮ ಮೇಲೆ ಬೀಳುತ್ತದೆ. ಇಂಥ ಒಂದು ಕೆಲಸ ನಡೆಯುವಾಗ ಕೇರಿಯ ಮುದುಕಿಯೊಬ್ಬಳು ಮೆಂಬರನ್ನು ಕೇಳಿದ್ದು ನಮ್ಮ ಕಿವಿಯಲ್ಲಿದೆ. "ಇದ್ನ ಎಲ್ಲಿಗ್ ಬುಡ್ತೀಯಪ್ಪ?" "ಮುಂದಕ್ಕೆ ಕಣಜ್ಜಿ." "ಮುಂದಕ್ಕೆ ಅಂದ್ರೆ ನಾನೇ ಕಣಪ್ಪ."

ಕಾನೂನು ಏನನ್ನುತ್ತದೆ? ಮೇಲಿನ ಜಮೀನಿಗೆ ಬಿದ್ದ ಮಳೆನೀರು, ಗೊತ್ತಾದ ಕಾಲುವೆಯಿಲ್ಲದೆ, ತನ್ನಷ್ಟಕ್ಕೆ ತಾನು ಕೆಳಗಿನ ಜಮೀನಿಗೆ ಹರಿಯುವುದಾದರೆ ಕೆಳಗಿನವನು ಬಿಟ್ಟುಕೊಡಬೇಕು ಎಂದು 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮು ಹೇಳುತ್ತದೆ. ಇದನ್ನೇ ಹಿಡಿದುಕೊಂಡು ಜೋರು ಮಾಡುವವರಿದ್ದಾರೆ. ಅವರು ನುಂಗಿಕೊಳ್ಳುವುದು 'ತನ್ನಷ್ಟಕ್ಕೆ ತಾನು' ಎಂಬುದನ್ನು. ಬಚ್ಚಲು ಮೋಡದಿಂದ ಬಿದ್ದದ್ದಲ್ಲ. ಸಿಮೆಂಟು ಮೋರಿ ನೆಲದಲ್ಲಿ ತಾನೇ ಮೊಳೆತದ್ದಲ್ಲ. ಇನ್ನೊಂದು ಕಾನೂನು ನೋಡಿ. 1989ರ ದೌರ್ಜನ್ಯ ತಡೆ ಕಾಯ್ದೆ, 2015ರ ತಿದ್ದುಪಡಿಯಾದ ಮೇಲೆ, ಪರಿಶಿಷ್ಟರ ಮನೆಯಲ್ಲಾಗಲಿ ಮನೆಬಾಗಿಲಲ್ಲಾಗಲಿ ಮಲ, ಕೊಳಚೆ, ಸತ್ತ ಪ್ರಾಣಿಯ ದೇಹ ತಂದು ಹಾಕುವುದು ಅಪರಾಧ ಅನ್ನುತ್ತದೆ. ಒಬ್ಬ ಬಕೆಟ್ಟಿನಲ್ಲಿ ಕೊಳಚೆ ಹೊತ್ತು ತಂದು ನಮ್ಮ ಬಾಗಿಲಿಗೆ ಸುರಿದರೆ ಅದು ದೌರ್ಜನ್ಯ. ಅದೇ ಕೊಳಚೆ ಅಂದಾಜುಪಟ್ಟಿ, ಮಂಜೂರಾತಿ, ಬಿಲ್ಲು ಎಲ್ಲ ಆಗಿ ಮೋರಿಯಲ್ಲಿ ಬಂದರೆ ಅದು ಅಭಿವೃದ್ಧಿ. ಕೈ ಕಾಣದಿದ್ದರೆ ತಪ್ಪೂ ಕಾಣುವುದಿಲ್ಲವೆ? ಪ್ರಶ್ನೆ ಕಾನೂನಿನದು ಮಾತ್ರವಲ್ಲ. ತನ್ನ ಮನೆಯಿಂದ ಆಚೆ ಹೋದದ್ದಕ್ಕೆ ಮನುಷ್ಯ ಎಲ್ಲಿಯ ತನಕ ಹೊಣೆ?

ನಿಮ್ಮ ನಿಮ್ಮ ಅಂಗಳದಲ್ಲೇ ಇಂಗುಗುಂಡಿ ತೋಡಿಕೊಳ್ಳಿ ಎಂದು ಅಧಿಕಾರಿಗಳು ಭಾಷಣ ಮಾಡುತ್ತಾರೆ. ಉದ್ಯೋಗ ಖಾತರಿಯಲ್ಲಿ ಬಚ್ಚಲುಗುಂಡಿಗೆ ದುಡ್ಡು ಕೊಟ್ಟದ್ದೂ ಉಂಟು, ಅದರಿಂದ ಕೆಲವು ಕೇರಿಗಳಲ್ಲಿ ಒಳ್ಳೆಯದೂ ಆಗಿದೆ. ಆದರೆ ಅಂಗಳ ಎಲ್ಲಿದೆ ಸ್ವಾಮಿ? ಊರಿನವರ ಬಚ್ಚಲ ನೀರು ಹಿಂದೆ ಹಿತ್ತಲಿನ ಬಾಳೆಗೆ, ತೆಂಗಿಗೆ ಹೋಗುತ್ತಿತ್ತು, ಯಾಕೆಂದರೆ ಅವರಿಗೆ ಹಿತ್ತಲಿತ್ತು. ಗೋಡೆಗೆ ಗೋಡೆ ತಾಗಿದ ಕೇರಿಯಲ್ಲಿ ಮೂರಡಿ ಗುಂಡಿ ತೋಡಿದರೆ ಅದು ಪಕ್ಕದವನ ಪಾಯಕ್ಕೆ ಬರುತ್ತದೆ. 1974ರ ಭೂಸುಧಾರಣೆ ಗೇಣಿ ಮಾಡುತ್ತಿದ್ದವನಿಗೆ ಭೂಮಿ ಕೊಟ್ಟಿತು. ಗೇಣಿಯೂ ಇಲ್ಲದೆ ಬರೀ ಕೂಲಿ, ಜೀತ ಮಾಡುತ್ತಿದ್ದವನಿಗೆ ಅದರಲ್ಲಿ ಸಿಕ್ಕಿದ್ದು ಬಹಳ ಕಡಿಮೆ. ಭೂಮಿಯ ಪ್ರಶ್ನೆ ಅಂದರೆ ಎಕರೆ ಗುಂಟೆ ಮಾತ್ರವಲ್ಲ, ತನ್ನ ಸ್ನಾನದ ನೀರನ್ನು ಇಂಗಿಸುವುದಕ್ಕೆ ಬೇಕಾದ ಮೂರಡಿ ನೆಲವೂ ಹೌದು.

ಈಗ ನಮ್ಮೊಳಗಿನ ಮಾತು. ಇದನ್ನು ಬರೆಯದೆ ಬಿಟ್ಟರೆ ಕೆಲವು ಗೆಳೆಯರಿಗೆ ಸಮಾಧಾನವಾಗುತ್ತಿತ್ತು. ಕೇರಿಯಲ್ಲಿ ಒಬ್ಬನಿಗೆ ನೌಕರಿ ಸಿಗುತ್ತದೆ. ಸಾಲ ಮಾಡಿ ಮನೆ ಕಟ್ಟುತ್ತಾನೆ. ಮೂರು ತಲೆಮಾರು ಒದ್ದೆ ನೆಲದಲ್ಲಿ ಮಲಗಿದ್ದಕ್ಕೆ ಅವನು ಪಾಯವನ್ನು ಮೂರಡಿ ಏರಿಸುತ್ತಾನೆ, ಅಂಗಳಕ್ಕೆ ಮಣ್ಣು ಹೊಡೆಸುತ್ತಾನೆ. ಏರಿಸದೆ ಇನ್ನೇನು ಮಾಡಬೇಕಿತ್ತು? ಅವನ ಅವ್ವ ಮೊದಲ ಸಲ ಮಳೆಗಾಲದಲ್ಲಿ ಒಣ ಚಾಪೆಯ ಮೇಲೆ ಮಲಗುತ್ತಾಳೆ. ಅದನ್ನು ತಪ್ಪು ಅನ್ನುವ ಬಾಯಿ ನಮಗಿಲ್ಲ. ಆದರೆ ಹಿಂದಿನ ಗುಡಿಸಲು, ಗಂಡ ಸತ್ತ ಚಿಕ್ಕಮ್ಮನದೋ ದೊಡ್ಡಮ್ಮನದೋ, ಅವತ್ತಿನಿಂದ ಬಾವಿಯಾಗುತ್ತದೆ. ಊರಿನ ನೀರಿನ ಜೊತೆಗೆ ಈಗ ಅವಳಿಗೆ ತಮ್ಮವರ ನೀರು. ಕೇಳಿದರೆ ಅವನೂ ಹೇಳುತ್ತಾನೆ, ನೀರು ತಗ್ಗಿಗೇ ಹರಿಯೋದು ಅಂತ.

ಅಂಬೇಡ್ಕರ್ ಜಾತಿಯನ್ನು ಶ್ರೇಣೀಕೃತ ಅಸಮಾನತೆ ಅಂದರು. ಬರೀ ಮೇಲು ಕೀಳು ಅಲ್ಲ, ಮೆಟ್ಟಿಲು ಮೆಟ್ಟಿಲಾದ ಮೇಲು ಕೀಳು. ಕೊಟ್ಟಕೊನೆಯವನನ್ನು ಬಿಟ್ಟು ಪ್ರತಿಯೊಬ್ಬನಿಗೂ ತನ್ನ ಕೆಳಗೊಬ್ಬ ಇದ್ದಾನೆ, ಆದ್ದರಿಂದ ಇಡೀ ಏಣಿಯನ್ನು ಕಿತ್ತುಹಾಕುವ ಮನಸ್ಸು ಯಾರಿಗೂ ಪೂರ್ತಿ ಬರುವುದಿಲ್ಲ. ವಾಟ ಅಂದರೆ ಇದೇ ಅಲ್ಲವೆ? ಮೇಲಿನಿಂದ ಬಂದ ಹೊಲಸಿಗೆ ಸಿಟ್ಟಾಗುವವನು ತನ್ನ ಹೊಲಸಿಗೆ ಕೆಳಗೊಂದು ದಾರಿ ಕಂಡ ಕೂಡಲೆ ಸುಮ್ಮನಾಗುತ್ತಾನೆ. ಪಾಯ ಏರಿಸಿದವನು ದುಷ್ಟನೆಂದು ನಾವು ಹೇಳುತ್ತಿಲ್ಲ. ಅವನು ಊರಿನಿಂದ ಕಲಿತ ಲೆಕ್ಕವನ್ನೇ ಕೇರಿಯಲ್ಲಿ ಮಾಡಿದ. ಪಾಯ ಏರಿಸುವ ಮುಂಚೆ ಹಿಂದಿನ ಗುಡಿಸಲಿನವಳನ್ನು ಕೂರಿಸಿಕೊಂಡು, "ಚಿಕ್ಕವ್ವ, ನೀರು ಎಲ್ಲಿಂದ ಆಚೆಗೆ ಹೋಗ್ಬೇಕು ನೋಡು" ಎಂದು ಕೇಳುವುದು, ಎರಡೂ ಮನೆಗೆ ಒಂದೇ ಮೋರಿ ತೆಗೆದು ಅದರ ಖರ್ಚನ್ನು ಸಂಬಳ ಬರುವವನೇ ಹೊರುವುದು, ಇಷ್ಟು ಆಗದಿದ್ದರೆ ನಮ್ಮ ಸಂಘಟನೆ, ನಮ್ಮ ಕವಿತೆ, ಏಪ್ರಿಲ್ 14ರ ಮೆರವಣಿಗೆ ಯಾತಕ್ಕೆ?

ನೀರು ತಗ್ಗಿಗೇ ಹರಿಯುತ್ತದೆ ಅನ್ನುವವರಿಗೆ ಇನ್ನೊಂದು ಸುದ್ದಿಯಿದೆ. ಬೆಂಗಳೂರಿನ ಬಚ್ಚಲು ಬೆಳ್ಳಂದೂರು ಕೆರೆಗೆ ಬಿದ್ದು ನೊರೆಯೆದ್ದಿತು, 2017 ಮತ್ತು 2018ರಲ್ಲಿ ಆ ಕೆರೆಯಲ್ಲಿ ಬೆಂಕಿಯೂ ಎದ್ದಿತು. ಆ ಮಹಾನಗರದ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ, ದಿನಕ್ಕೆ 44 ಕೋಟಿ ಲೀಟರ್ ಗುರಿಯಿಟ್ಟುಕೊಂಡು, ಪಂಪು ಹಾಕಿ ಕೊಳವೆಯಲ್ಲಿ ಕೋಲಾರದ ಕಡೆಯ ಕೆರೆಗಳಿಗೆ ಕಳಿಸುವುದು 2018ರಲ್ಲಿ ಶುರುವಾಯಿತು. ಬತ್ತಿದ ಕೆರೆ ತುಂಬಿತು ಎಂದು ಸಂತೋಷಪಟ್ಟ ರೈತರಿದ್ದಾರೆ. ಮೂರನೆಯ ಹಂತದ ಶುದ್ಧಿ ಇಲ್ಲದೆ ಯಾಕೆ ಕಳಿಸುತ್ತೀರಿ ಎಂದು ಕೋರ್ಟಿನ ತನಕ ಹೋದವರೂ ಇದ್ದಾರೆ. ಆ ವಾದ ಇಲ್ಲಿ ಬೇಡ. ನಾವು ಕಂಡದ್ದು ಒಂದೇ. ಬೇಕು ಅನ್ನಿಸಿದರೆ ಒಂದು ನಗರದ ಬಚ್ಚಲನ್ನು ಪಂಪು ಹಾಕಿ ಹತ್ತಾರು ಮೈಲಿ ದೂರಕ್ಕೆ, ಏರಿನ ಮೇಲಕ್ಕೂ ಸಾಗಿಸುತ್ತಾರೆ. ಹಾಗಿರುವಾಗ ಕೇರಿಯ ಆಚೆಗೆ ಇನ್ನು ಇನ್ನೂರು ಅಡಿ ಮೋರಿ ತೆಗೆಯುವುದಕ್ಕೆ ನೆಲದ ಗುಣ ಅಡ್ಡ ಬರುತ್ತದೆ ಅಂದರೆ ನಂಬುವುದು ಹೇಗೆ?

ಕೆಲಸ ಈಗ ಹೆಚ್ಚು ಅವಸರದ್ದಾಗಿದೆ. 2019ರಲ್ಲಿ ಶುರುವಾದ ಜಲಜೀವನ್ ಯೋಜನೆಯಲ್ಲಿ ತಲೆಗೆ ದಿನಕ್ಕೆ 55 ಲೀಟರಿನ ಲೆಕ್ಕದಲ್ಲಿ ಮನೆಮನೆಗೆ ನಲ್ಲಿ ಹಾಕಲು ಹೊರಟರು. ಐದು ಜನರ ಮನೆಗೆ 275 ಲೀಟರ್. ಅದರಲ್ಲಿ ಬಹುಪಾಲು ಬಚ್ಚಲಿನಿಂದ ಆಚೆ ಬರುವಂಥದ್ದೇ. ನಲ್ಲಿ ಬಂತು, ಬರಬೇಕಾದದ್ದೇ, ನಮ್ಮ ಹೆಂಗಸರ ಸೊಂಟ ಉಳಿಯಿತು. ಮೋರಿ ಮಾತ್ರ ಹಿಂದೆ ಬಿತ್ತು.

ಮೇಷ್ಟರುಗಳಲ್ಲಿ ಒಂದು ಕೋರಿಕೆ. ಸಮಾಜ ಪಾಠದಲ್ಲಿ ನೀವು ಮೊಹೆಂಜೊದಾರೊದ ಮುಚ್ಚಿದ ಚರಂಡಿಯನ್ನು ಹೊಗಳಿ ಹೇಳುತ್ತೀರಿ. ಮುಂದೆ ಕೂತ ಮಗು ಕೊಚ್ಚೆ ತುಳಿದುಕೊಂಡು ಶಾಲೆಗೆ ಬಂದಿರುತ್ತದೆ. ಗಾರೆಯವರ ಹತ್ತಿರ ಇರುವಂಥ ಬಿಳಿ ಪ್ಲಾಸ್ಟಿಕ್ ಕೊಳವೆಯನ್ನು, ಒಂದು ಮೂವತ್ತು ಅಡಿಯದು, ತನ್ನಿ. ಗಾಳಿಗುಳ್ಳೆ ಇರದ ಹಾಗೆ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಎರಡು ಕಡೆಯೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಂದು ಅಡಿಕೋಲು ಸಾಕು, ಏಳನೆಯ ಕ್ಲಾಸಿನ ಮಕ್ಕಳು ಇಡೀ ಊರಿನ ಏರು ತಗ್ಗು ಅಳೆದುಬಿಡುತ್ತಾರೆ. ಯಾವ ಮನೆ ಎಷ್ಟು ಮೇಲೆ, ಯಾವ ಮನೆ ಎಷ್ಟು ಕೆಳಗೆ, ಯಾವ ಮೋರಿಯ ಬಾಯಿ ಯಾರ ಬಾಗಿಲಿಗೆ ಎಂದು ನಕ್ಷೆ ಬರೆಸಿ. ಮನೆಯವರ ಹೆಸರು ಬರೆಯಲಿ, ಜಾತಿ ಬರೆಯುವುದು ಬೇಡ, ಅದು ನಕ್ಷೆಯಲ್ಲೇ ಕಾಣುತ್ತದೆ. ಮುಂದಿನ ಗ್ರಾಮಸಭೆಯ ದಿನ ಆ ಹಾಳೆಯನ್ನು ಪಂಚಾಯ್ತಿ ಆಫೀಸಿನ ಗೋಡೆಗೆ ಅಂಟಿಸೋಣ. ಅಂಟು ತರುವುದು ನಮ್ಮ ಕೆಲಸ.